ಬೂದಿಯ ಜಾಗಕ್ಕೆ ಬಂದ ಪುಡಿ

ನನ್ನ ಮನೆಯಲ್ಲಿ ಪೌಡರ್ ಡಬ್ಬಿ ಇಲ್ಲ. ಮುಖಕ್ಕೆ ಹಚ್ಚುವುದಿಲ್ಲ, ಕೂಸಿನ ಮೈಗೆ ಹಾಕುವುದಿಲ್ಲ, ಇರುವೆಗೆ ಉದುರಿಸುವುದಂತೂ ಇಲ್ಲವೇ ಇಲ್ಲ. ಸೊಸೆಯಂದಿರು ಹೊಸದಾಗಿ ಬಂದಾಗ ಇದನ್ನು ಕಂಡು ನಕ್ಕರು. ಅವರಲ್ಲಿ ಒಬ್ಬಳು ಒಮ್ಮೆ ಜಿರಳೆಗೆಂದು ಬಿಳಿ ಪುಡಿಯ ಪೊಟ್ಟಣ ತಂದು ಒಲೆಯ ಹಿಂದೆ ಇಟ್ಟಿದ್ದಳು. "ಇದನ್ನ ಮನ್ಯಾಗ ತಂದವ್ರು ಯಾರ?" ಎಂದು ನಾನು ಕೂಗಿದ್ದು ಬೆಟಗೇರಿಯ ನಮ್ಮ ಓಣಿಗೆಲ್ಲ ಕೇಳಿತು. ಎದುರು ಮನೆಯ ಮಗ್ಗದ ಸದ್ದು ಸಹ ನಿಂತಿತು. ಮುದುಕಿಗೆ ತಲೆ ಕೆಟ್ಟಿದೆ ಎಂದು ಅಂದುಕೊಂಡಿದ್ದರೆ ಅಂದುಕೊಳ್ಳಲಿ, ನನಗೇನು! ಯಾಕಿಷ್ಟು ಸಿಟ್ಟು ಎಂದು ಕೇಳಿದವರಿಗೆ ಇಷ್ಟು ವರ್ಷ ಅರ್ಧಮರ್ಧ ಹೇಳಿ ಸುಮ್ಮನಾಗಿದ್ದೇನೆ. ಈಗ ಪೂರ್ತಿ ಹೇಳಿಬಿಡುತ್ತೇನೆ.

ನನ್ನ ತವರು ಡಂಬಳದಿಂದ ಸ್ವಲ್ಪ ಆಚೆ. ನಾನು ಲಂಗ ತೊಟ್ಟು ಓಡಾಡುತ್ತಿದ್ದಾಗ ಅದು ಮುಂಬೈ ಪ್ರಾಂತಕ್ಕೆ ಸೇರಿತ್ತು. ಅವ್ವನ ತವರು ಶಿರಹಟ್ಟಿ, ಅದು ಸಾಂಗ್ಲಿ ಸಂಸ್ಥಾನದ್ದು. ಅವ್ವ ಸಿಟ್ಟಾದಾಗ ಅಪ್ಪ, "ನಿಮ್ಮ ಸಂಸ್ಥಾನದವ್ರ ದರ್ಬಾರ ಇಲ್ಲಿ ನಡ್ಯಾಂಗಿಲ್ಲ" ಎಂದು ಚೇಷ್ಟೆ ಮಾಡುತ್ತಿದ್ದ. ಅಪ್ಪ ಬಿಳಿ ಟೊಪಗಿಯ ಮನುಷ್ಯ. ಸ್ವಾತಂತ್ರ್ಯ ಬಂದಾಗ ಊರಿಗೆಲ್ಲ ಸಕ್ಕರೆ ಹಂಚಿದವನು. ಆಮೇಲೆ ಕನ್ನಡದವರೆಲ್ಲ ಒಂದಾಗಬೇಕು ಎಂದು ಗದಗಿನಲ್ಲಿ ಎಲ್ಲಿ ಸಭೆ ನಡೆದರೂ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ. ಹೊಸ ದೇಶ, ಹೊಸ ರಾಜ್ಯ, ಹೊಸ ಒಕ್ಕಲುತನ. ಅವನ ಪಾಲಿಗೆ ಈ ಮೂರೂ ಒಂದೇ ಮೆರವಣಿಗೆಯಲ್ಲಿ ಬರುತ್ತಿದ್ದವು. ಅಪ್ಪ ಕೆಟ್ಟವನಲ್ಲ, ಮೊದಲೇ ಹೇಳುತ್ತೇನೆ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನಮ್ಮದು ಎರೆ ಹೊಲ, ಮಳೆ ನಂಬಿದ್ದು. ಜೋಳ ಕಿತ್ತು ರಾಶಿ ಮುಗಿದು ಹೊಲ ಖಾಲಿ ಬಿದ್ದಾಗ, ಬೇಸಿಗೆಯಲ್ಲಿ ಕುರಿ ಬರುತ್ತಿದ್ದವು. ಒಂದೇ ಮನೆತನದ ಹಿಂಡು, ನಮ್ಮ ಅಜ್ಜನ ಕಾಲದಿಂದ ಬರುತ್ತಿದ್ದದ್ದು. ಹಗಲು ಬಯಲಲ್ಲಿ ಮೇಯ್ದು ಸಂಜೆ ನಮ್ಮ ಹೊಲದಲ್ಲಿ ನಿಲ್ಲುತ್ತಿದ್ದವು. ಒಂದು ರಾತ್ರಿ ಈ ಮೂಲೆ, ಮರುರಾತ್ರಿ ಆ ಮೂಲೆ. ಹೀಗೆ ಕುರಿ ತಂಗುವ ಹಟ್ಟಿ ಸರಿಯುತ್ತಾ ಹೋದಂತೆ ಹೊಲದ ತುಂಬ ಹಿಕ್ಕೆ, ಉಚ್ಚೆ. ಅದೇ ನಮ್ಮ ಗೊಬ್ಬರ. ಮುಂದಿನ ಮಳೆಗೆ ಆ ಮಣ್ಣು ಕೈಗೆ ಹಿಟ್ಟಿನ ಹಾಗೆ ಸಿಗುತ್ತಿತ್ತು.

ಕುರಿಯ ಯಜಮಾನನನ್ನು ನಾವು ಕಾಕಾ ಎನ್ನುತ್ತಿದ್ದೆವು, ಅವನ ಹೆಂಡತಿಯನ್ನು ಚಿಗವ್ವ. ರಕ್ತಸಂಬಂಧ ಏನೂ ಇಲ್ಲ, ಆದರೂ ಬೇರೆ ಏನೆಂದು ಕರೆಯುವುದು? ನಾನು ಹುಟ್ಟಿದಾಗ ನನ್ನನ್ನು ಸುತ್ತಿದ ಕಂಬಳಿ ಆ ಚಿಗವ್ವ ಕೊಟ್ಟದ್ದು.

ಹಟ್ಟಿ ಬಿದ್ದ ಮೊದಲ ಸಂಜೆ ಅವ್ವ ತಾನೇ ತಲೆಯ ಮೇಲೆ ಎರಡು ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತಿದ್ದಳು. ಮೇಲಿನ ಬುಟ್ಟಿಯಲ್ಲಿ ರೊಟ್ಟಿ, ಝುಣಕ, ಉಳ್ಳಾಗಡ್ಡಿ. ಕೆಳಗಿನದರಲ್ಲಿ ಬೂದಿ. ನಗಬೇಡಿ. ಕುಳ್ಳು, ಹತ್ತಿಕಟ್ಟಿಗೆ ಸುಟ್ಟ ಒಲೆಯ ಬೂದಿಯನ್ನು ಅವ್ವ ವರ್ಷವಿಡೀ ಜರಡಿ ಹಿಡಿದು ಗಡಿಗೆಯಲ್ಲಿ ತುಂಬಿಡುತ್ತಿದ್ದಳು. ಬೀಜದ ಕಾಳಿಗೆ ಒಂದಿಷ್ಟು, ಪಾತ್ರೆ ತಿಕ್ಕಲು ಒಂದಿಷ್ಟು, ಉಳಿದದ್ದೆಲ್ಲ ಕುರಿಮರಿಗಳಿಗೆ. ಎಳೆ ಮರಿಗಳು ತಾಯಿಯ ಜೊತೆ ಮೇಯಲು ಹೋಗುವುದಿಲ್ಲ. ಅವನ್ನು ಹಟ್ಟಿಯಲ್ಲೇ ದೊಡ್ಡ ಬಿದಿರು ಬುಟ್ಟಿ ಬೋರಲು ಹಾಕಿ ಅದರಡಿ ಬಿಡುತ್ತಾರೆ. ಸಂಜೆ ತಾಯಿ ಬಂದಾಗ ಹಾಲು ಕುಡಿಸಿ, ತೋಳದ ಭಯಕ್ಕೆ ಮತ್ತೆ ಬುಟ್ಟಿ ಮುಚ್ಚುತ್ತಾರೆ. ಒಂದೇ ಕಡೆ ಒತ್ತಿಕೊಂಡು ಮಲಗುವುದರಿಂದ ಹೇನು, ಉಣ್ಣಿ, ಚಿಕ್ಕಾಡಿನ ಕಾಟ ಬಹಳ. ಅದಕ್ಕೇ ಬುಟ್ಟಿಯಡಿ ನೆಲಕ್ಕೆ ಬೂದಿ ಹರವಿ, ಮರಿಗಳ ಮೈಗೂ ಬೊಗಸೆಗಟ್ಟಲೆ ಬೂದಿ ತಿಕ್ಕುತ್ತಿದ್ದರು. ನಮ್ಮ ಒಲೆಯ ಬೂದಿ ಅವರ ಮರಿಗೆ, ಅವರ ಕುರಿಯ ಹಿಕ್ಕೆ ನಮ್ಮ ಹೊಲಕ್ಕೆ. ಇದರಲ್ಲಿ ಯಾರೂ ಯಾರಿಗೂ ಉಪಕಾರ ಮಾಡುತ್ತಿರಲಿಲ್ಲ.

ಮರಿಗಳಿಗೆ ಬೂದಿ ತಿಕ್ಕುವ ಕೆಲಸಕ್ಕೆ ನಾನೂ ಕೂರುತ್ತಿದ್ದೆ. ಮರಿ ಸೀನುತ್ತಿತ್ತು, ನಾನೂ ಸೀನುತ್ತಿದ್ದೆ. "ಎರಡೂ ಕೂಡಿ ಸೀನಿ ಹಟ್ಟಿ ಹಾರಿಸ್ತಾವ ನೋಡ" ಎಂದು ಚಿಗವ್ವ ನಗುತ್ತಿದ್ದಳು.

ಇನ್ನು ಮಿಡತೆಯ ಮಾತು. ನಮ್ಮ ಕಡೆ ರೆಕ್ಕೆಯಿಲ್ಲದ ಒಂದು ಮಿಡತೆ ಇತ್ತು, ನಾವು ಮಿಡಚಿ ಎನ್ನುವುದು. ಹಾರಲು ಬಾರದು, ಆದರೆ ಜೋಳಕ್ಕೆ ಬಿತ್ತೆಂದರೆ ಎಲೆಯೂ ಉಳಿಯದು, ತೆನೆಯೂ ಉಳಿಯದು. ಹಳೆಯ ಕಾಲವೆಲ್ಲ ಸ್ವರ್ಗ ಎಂದು ನಾನು ಹೇಳುವುದಿಲ್ಲ. ಮಿಡಚಿ ಬಿದ್ದ ವರ್ಷ ರೊಟ್ಟಿಯ ಬದಲು ಅಂಬಲಿ ಕುಡಿದದ್ದು ನನಗೆ ನೆನಪಿದೆ. ಆದರೆ ಅದಕ್ಕೂ ಒಂದು ಕೆಲಸವಿತ್ತು. ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆದರೆ ಮಣ್ಣೊಳಗಿನ ಮೊಟ್ಟೆ ಮೇಲೆ ಬಂದು ಬಿಸಿಲಿಗೆ ಒಣಗುತ್ತಿತ್ತು, ಉಳಿದದ್ದನ್ನು ಹಕ್ಕಿ ತಿನ್ನುತ್ತಿದ್ದವು. ಆದರೂ ಹುಟ್ಟಿದ ಮರಿ ಮಿಡಚಿಯನ್ನು ಹೆಂಗಸರು ಇಬ್ಬಿಬ್ಬರಾಗಿ ಹಳೆ ಸೀರೆಯ ಎರಡು ತುದಿ ಹಿಡಿದು ಬೆಳೆಯ ಮೇಲೆ ಓಡುತ್ತಾ ಬಳಿದು ತಗ್ಗಿಗೆ ಸುರಿಯುತ್ತಿದ್ದರು. ಸೊಂಟ ಮುರಿಯುವ ಕೆಲಸ, ಖರೆ. ಊರವರೆಲ್ಲ ಒಟ್ಟಿಗೆ ಮಾಡಿದರಷ್ಟೇ ಉಪಯೋಗ.

ಆಗ ಬಂದಿತು ಪುಡಿ. ಡಂಬಳದಲ್ಲಿ ಸಂತೆಯ ದಿನ ಜೀಪು ನಿಂತಿತು. ಅದರಿಂದ ಇಳಿದ ಸಾಹೇಬರು ಮಂದಿಯನ್ನೆಲ್ಲ ಕೂಡಿಸಿ ಒಂದು ತಗಡಿನ ಡಬ್ಬಿ ತೆರೆದರು. ಬಿಳಿ ಪುಡಿ. ಮುಗ್ಗಲು ಹಿಡಿದ ಕಾಳಿನ ಹಾಗೆ ಗಪ್ಪನೆ ಮೂಗಿಗೆ ಬಡಿಯುವ ವಾಸನೆ. ತೆಳು ಅರಿವೆಯಲ್ಲಿ ಕಟ್ಟಿ, ಕೋಲಿಗೆ ಸಿಕ್ಕಿಸಿ, ಬೆಳೆಯ ಮೇಲೆ ಜಾಡಿಸಿದರೆ ಮುಗಿಯಿತಂತೆ. ಒಬ್ಬ ಮುದುಕ ಕೇಳಿದ, "ಮಿಡಚಿ ಸಾಯ್ತಾವ ಅಂದ್ರ ನಾವು ಸಾಯೂದಿಲ್ಲೇನ್ರಿ ಸಾಹೇಬ್ರ?" ಸಾಹೇಬರು ಅಂಗಿಯ ತೋಳು ಮಡಚಿ, ಒಂದು ಚಿಟಿಕೆ ಪುಡಿ ತೆಗೆದು ಮೊಣಕೈತನಕ ಸವರಿಕೊಂಡರು. "ನೋಡ್ರಿ, ನಾ ಸತ್ತೆನೇನು? ಹುಳಕ್ಕಷ್ಟ ವಿಷ. ಮನಷ್ಯಾರಿಗೆ ಬೂದಿ ಇದ್ದಂಗ." ಮಂದಿ ನಕ್ಕು ಚಪ್ಪಾಳೆ ತಟ್ಟಿದರು. ಅಪ್ಪ ಎಲ್ಲರಿಗಿಂತ ಜೋರಾಗಿ ತಟ್ಟಿದ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ.

ಬೂದಿ ಇದ್ದಂಗ! ಆ ಮಾತು ಆಡಿದ ನಾಲಿಗೆಗೆ ಏನು ಹೇಳಲಿ.

ಆ ವರ್ಷ ಅಪ್ಪ ಪುಡಿ ಹೊಡೆಸಿದ. ಮಿಡಚಿ ಸತ್ತವು, ಸುಳ್ಳು ಹೇಳುವುದಿಲ್ಲ. ಬೆಳೆಯ ಸಾಲುಗಳ ನಡುವೆ ರಾಶಿ ರಾಶಿ ಬಿದ್ದಿದ್ದವು. ಅವನ್ನು ಹೆಕ್ಕಲು ಬಂದ ಬೆಳ್ಳಕ್ಕಿಗಳು ಬದುವಿನ ಮೇಲೆ ಕುತ್ತಿಗೆ ಸೊಟ್ಟ ಮಾಡಿಕೊಂಡು ಬಿದ್ದವು. ಅವ್ವ ಒಂದನ್ನು ಕಾಲು ಹಿಡಿದು ಎತ್ತಿಕೊಂಡು ಬಂದು ಅಂಗಳದಲ್ಲಿ ಅಪ್ಪನ ಮುಂದೆ ಹಾಕಿದಳು.

"ಇದೇನ ಬೆಳಿ ತಿಂದಿತ್ತೇನ್ರಿ?"

"ಬಿಸಲಿಗೆ ಸತ್ತಿರಬೇಕ ಬಿಡ" ಎಂದ ಅಪ್ಪ.

"ಚಳಿಗಾಲದಾಗ ಯಾವ ಬಿಸಲು?"

ಅಪ್ಪ ಟೊಪಗಿ ಹಾಕಿಕೊಂಡು ಹೊರಗೆ ಹೋದ.

ಬೇಸಿಗೆ ಬಂತು, ಕುರಿಯೂ ಬಂದವು. ಆ ವರ್ಷ ಮರಿ ಬಹಳ ಹುಟ್ಟಿದ್ದವು. ಹಿಂದಿನ ವರ್ಷ ರೋಗ ಬಿದ್ದು ಅವರ ಹಿಂಡು ಅರ್ಧವಾಗಿತ್ತು. ಈ ಮರಿಗಳು ಬೆಳೆದರೆ ಹಿಂಡು ಮತ್ತೆ ಹಿಂಡು, ಇಲ್ಲದಿದ್ದರೆ ಕುರಿ ಬಿಟ್ಟು ಮಂದಿಯ ಹೊಲದಲ್ಲಿ ಕೂಲಿ. ಬಂದ ಕೂಡಲೇ ಚಿಗವ್ವ ಅವ್ವನ ಕೈ ಹಿಡಿದು ಹೇಳಿದ್ದೇ ಅದು: "ಯಕ್ಕಾ, ಈ ವರ್ಷ ದೇವರು ಕಣ್ ತೆರದಾನ. ಇವ್ನ ಜ್ವಾಕಿ ಮಾಡಿದ್ರ ನಾವು ಉಳದಂಗ."

ಅವ್ವ ಬೂದಿಯ ಬುಟ್ಟಿ ಇಳಿಸಿದಳು. ಅಷ್ಟರಲ್ಲಿ ಅಪ್ಪ ಬಂದ. ಕೈಯಲ್ಲಿ ಆ ಡಬ್ಬಿ, ಅರ್ಧ ಉಳಿದದ್ದು.

"ಇನ್ನ ಎಷ್ಟ ದಿನಾ ಈ ಬೂದಿ ಬಳೀತೀರೋ ಮಾರಾಯಾ? ದೇಶ ಎಲ್ಲಿಗೆ ಹೋಗೇತಿ! ಇದನ್ನ ಹಚ್ಚು, ಒಂದು ಹೇನು ಉಳದ್ರ ನನ್ನ ಕೇಳು."

ಕಾಕಾನ ಮುಖ ಅರಳಿತು. ಅವನೇನೂ ಹಿಂದೆಮುಂದೆ ನೋಡಿದವನಲ್ಲ. ಪುಡಿಯ ಸುದ್ದಿ ಅವನ ಕಿವಿಗೂ ಬಿದ್ದಿತ್ತು, ಯಾರಾದರೂ ಕೊಟ್ಟಾರೇನೋ ಎಂದು ಕಾಯುತ್ತಲೇ ಇದ್ದನಂತೆ. ಚಿಗವ್ವ ಮಾತ್ರ ಡಬ್ಬಿಗೆ ಮೂಗು ಹಚ್ಚಿ ಹಿಂದೆ ಸರಿದಳು. "ಯಪ್ಪಾ, ಏನಿದು ನಾತ! ಎಳಿ ಮೈ ಅದಾವ, ಬ್ಯಾಡ್ರಿ" ಎಂದಳು. ಅವ್ವನೂ ಬೇಡ ಎಂದಳು, ಬೆಳ್ಳಕ್ಕಿಯ ಮಾತು ತೆಗೆದಳು. ಅಪ್ಪ ರೇಗಿದ. "ಸಾಹೇಬರು ಸ್ವತಃ ಕೈಗೆ ಹಚಗೊಂಡು ತೋರಿಸ್ಯಾರ. ಇವ್ರಿಬ್ರೂ ಸಾಹೇಬರಿಗಿಂತ ಹೆಚ್ಚು ಓದಿದವ್ರು!" ಇಬ್ಬರು ಗಂಡಸರೂ ನಕ್ಕರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ, ಅದನ್ನು ನೆನೆದರೆ ಹಲ್ಲು ಕಡಿಯುವಂತಾಗುತ್ತದೆ.

ಬೂದಿ ತಿಕ್ಕಿ ರೂಢಿಯಾದ ಕೈಗಳು. ಬೂದಿಗೆ ಅಳತೆ ಎಲ್ಲಿಯದು? ಬೊಗಸೆ ತುಂಬ ತೆಗೆಯುವುದು, ಬೆನ್ನಿಗೆ, ಹೊಟ್ಟೆಗೆ, ಕಿವಿಯ ಸಂದಿಗೆ, ಬಾಲದ ಬುಡಕ್ಕೆ ತಿಕ್ಕುವುದು, ಉಳಿದದ್ದನ್ನು ನೆಲಕ್ಕೆ ಚೆಲ್ಲುವುದು. ಪುಡಿಯನ್ನೂ ಹಾಗೆಯೇ ಹಚ್ಚಿದರು. ಸಾಹೇಬರು ಹಚ್ಚಿಕೊಂಡದ್ದು ಒಂದು ಚಿಟಿಕೆ, ತೊಳೆದುಕೊಳ್ಳಲು ಜೀಪಿನಲ್ಲಿ ನೀರು ಇತ್ತು. ಮರಿಗಳಿಗೆ ಮೈ ತುಂಬ ಪುಡಿ, ಮೇಲೆ ಬುಟ್ಟಿ. ಅವತ್ತು ಸಂಜೆ ಗಾಳಿ ಎದ್ದು ಮಳೆ ಹನಿಯುವಂತಿತ್ತು ಎಂದು ಬುಟ್ಟಿಗಳ ಮೇಲೆ ಕಂಬಳಿಯನ್ನೂ ಹೊದಿಸಿದರು. ನನ್ನನ್ನು ಮಾತ್ರ ಅವ್ವ ಹತ್ತಿರ ಬಿಡಲಿಲ್ಲ, ರಟ್ಟೆ ಹಿಡಿದು ಎಳೆದುಕೊಂಡು ಮನೆಗೆ ಬಂದಳು. ಬೂದಿಯ ಬುಟ್ಟಿ ಅಲ್ಲೇ ಬದುವಿನ ಮೇಲೆ ಉಳಿಯಿತು.

ಬೆಳಗ್ಗೆ ಅಪ್ಪ, ಅವ್ವ, ನಾನು ರೊಟ್ಟಿ ಕೊಡಲು ಹೋದಾಗ ದೂರದಿಂದಲೇ ಕುರಿಗಳ ಕೂಗು ಕೇಳಿಸುತ್ತಿತ್ತು. ಕೆಚ್ಚಲು ತುಂಬಿದ ತಾಯಿ ಕುರಿಗಳು ಬುಟ್ಟಿಗಳ ಸುತ್ತ ತಿರುಗುತ್ತಿದ್ದವು. ಬುಟ್ಟಿಗಳನ್ನೆಲ್ಲ ಎತ್ತಿ ಒಗೆದಿದ್ದರು. ಮರಿಗಳು ಮಲಗಿದ್ದವು. ಕೆಲವು ಆಗಲೇ ಸೆಟೆದಿದ್ದವು. ಕೆಲವು ಇನ್ನೂ ಕಾಲು ಬಡಿಯುತ್ತಾ, ಬಾಯಲ್ಲಿ ನೊರೆ, ತಲೆಯನ್ನು ಬೆನ್ನಿನ ಕಡೆಗೆ ಎಳೆದುಕೊಂಡು ನಡುಗುತ್ತಿದ್ದವು. ಕಾಕಾ ಒಂದೊಂದನ್ನೇ ಎತ್ತಿ ಬಾಯಿಗೆ ನೀರು ಬಿಡುತ್ತಿದ್ದ, ನೀರು ಹೊರಗೆ ಬರುತ್ತಿತ್ತು. ಬಿಸಿಲು ಏರುವಷ್ಟರಲ್ಲಿ ಅವೂ ಸತ್ತವು. ಎಲ್ಲವೂ.

ಚಿಗವ್ವ ಅಳಲಿಲ್ಲ. ಬದುವಿನ ಮೇಲಿದ್ದ ಬೂದಿಯ ಬುಟ್ಟಿಯ ಹತ್ತಿರ ಹೋಗಿ ಕುಳಿತಳು. ಆಮೇಲೆ ಎದ್ದು ಅಪ್ಪನ ಎದುರಿಗೆ ಬಂದಳು. ಅಲ್ಲಿಯವರೆಗೆ ಅವಳು ಅಪ್ಪನ ಮುಖ ನೋಡಿ ಮಾತಾಡಿದ್ದನ್ನೇ ನಾನು ಕಂಡಿರಲಿಲ್ಲ.

"ಯಜಮಾನ್ರ, ನಿಮ್ಮ ಮನೀ ಕೂಸಿಗೆ ಇದನ್ನ ಹಚ್ಚತಿದ್ರೇನು?"

ಅಪ್ಪ ಕಾಕಾನ ಕಡೆ ತಿರುಗಿದ. "ನೀನೂ ಬ್ಯಾಡ ಅನಲಿಲ್ಲಲ್ಲ" ಎಂದ. ಆಗ ಕಾಕಾ ಹಣೆ ಹಣೆ ಬಡಿದುಕೊಂಡ. ನನ್ನ ಅಪ್ಪ ಆ ಮಾತು ಆಡಬಾರದಿತ್ತು. ಆ ಹೊತ್ತಿನಲ್ಲಿ, ಆ ಮನುಷ್ಯನಿಗೆ, ಆಡಬಾರದಿತ್ತು.

ಅವತ್ತೇ ಅವರು ಹಟ್ಟಿ ಕಿತ್ತರು. ಮರಿಗಳನ್ನು ಹೂಳಿದ್ದು ನಮ್ಮ ಹೊಲದಲ್ಲೇ, ಬನ್ನಿ ಗಿಡದ ಪಕ್ಕ. ಹೊತ್ತೊಯ್ಯಲು ಎಲ್ಲಿಗೆ ಒಯ್ಯುತ್ತಾರೆ?

ಅಪ್ಪ ಗದಗಿಗೆ ಹೊರಟ. ನಾನೂ ಬರುತ್ತೇನೆ ಎಂದು ಹಟ ಹಿಡಿದು ಹೋದೆ. ಕಚೇರಿಯಲ್ಲಿ ಅದೇ ಸಾಹೇಬರು ಚಹಾ ಕುಡಿಯುತ್ತಿದ್ದರು. ಅಪ್ಪ ನಿಂತೇ ಎಲ್ಲ ಹೇಳಿದ. ಕುಂಡ್ರಿ ಎಂದು ಸಹ ಅನ್ನಲಿಲ್ಲ ಅವರು.

"ಕುರಿಮರಿಗೆ ಹಚ್ಚು ಅಂತ ನಿಮಗ ಯಾರ ಹೇಳಿದ್ರು? ಡಬ್ಬಿ ಮ್ಯಾಲೆ ಛಾಪಿಸೇತಲ್ಲ ಎಲ್ಲಾ?"

"ಅದು ಇಂಗ್ಲಿಷ್‌ನ್ಯಾಗ ಐತ್ರಿ ಸಾಹೇಬ್ರ."

"ಹಂಗಾರ ಓದಾಕ ಬರೋರ ಕಡೆ ಕೇಳಬೇಕಾಗಿತ್ತು. ಹಳ್ಳಿ ಮಂದೀದು ಇದ ಹಣೇಬರ. ಒಳ್ಳೇದ ಕೊಟ್ರೂ ಕೆಡಿಸ್ಕೋತೀರಿ."

"ನೀವ ಕೈಗೆ ಹಚಗೊಂಡು ಬೂದಿ ಇದ್ದಂಗ ಅಂದ್ರಲ್ಲ?" ಎಂದೆ ನಾನು. ಹೌದು, ನಾನೇ ಅಂದೆ. ಸಾಹೇಬರು ಅಪ್ಪನ ಕಡೆ ನೋಡಿ, "ಹುಡಿಗಿಗೆ ಬಾಯಿ ಜೋರ ಐತಿ, ಕಟ್ಟಿಡ್ರಿ" ಎಂದರು. ಅಪ್ಪ ನನ್ನ ಬಾಯಿ ಮುಚ್ಚಿದ. ಅವತ್ತು ಮುಚ್ಚಿದ ಬಾಯಿ ಈಗ ತೆರೆದಿದೆ, ಇನ್ನು ಯಾರಪ್ಪ ಮುಚ್ಚುತ್ತಾನೆ ನೋಡೋಣ.

ಸ್ವಲ್ಪ ಕಾಲಕ್ಕೆ ರಾಜ್ಯ ಒಂದಾಯಿತು. ನಾವು ಮುಂಬೈ ಬಿಟ್ಟು ಮೈಸೂರಿಗೆ ಸೇರಿದೆವು. ಅಪ್ಪ ಮನೆ ಮುಂದೆ ತೋರಣ ಕಟ್ಟಿಸಿ, ನಮ್ಮ ಕಚೇರಿ ನಮ್ಮ ಭಾಷೆ ಎಂದು ಕಣ್ಣೀರು ತಂದುಕೊಂಡ. ಆ ಕಣ್ಣೀರಿನ ಬಗ್ಗೆ ನನ್ನ ತಕರಾರಿಲ್ಲ. ಹೊಸ ಸಾಹೇಬರು ಬಂದರು, ಮೆತ್ತಗೆ ಮಾತಾಡುವವರು, "ತಾವು ಕೂತ್ಕೊಳಿ" ಎನ್ನುವವರು. ಅವರೂ ಜೀಪಿನಿಂದ ಇಳಿಸಿದ್ದು ಅದೇ ಪುಡಿ. ಕನ್ನಡಕ್ಕಾಗಿ ಊರೂರು ತಿರುಗಿದ ನನ್ನ ಅಪ್ಪನ ಕೈಗೆ ಅವರು ಕೊಟ್ಟ ಡಬ್ಬಿಯ ಮೇಲೆ ಒಂದೇ ಒಂದು ಕನ್ನಡದ ಅಕ್ಷರ ಇರಲಿಲ್ಲ. ಅಪ್ಪ ಅದನ್ನು ತಂದ. ಮರಿಗಳನ್ನು ಹೂತ ಮೇಲೂ ತಂದ! "ಈ ಸಲ ಬೆಳಿಗಷ್ಟ ಹಾಕ್ತೀನಿ" ಎಂದ.

ಅವತ್ತು ಅವ್ವ ಸಂಸ್ಥಾನದ ದರ್ಬಾರು ತೋರಿಸಿದಳು. ಬಾಗಿಲಲ್ಲಿ ಅಡ್ಡ ನಿಂತು ಹೇಳಿದಳು: "ಬನ್ನಿ ಗಿಡದ ಕಡೀ ತುಕಡಿಗೆ ಇದನ್ನ ಮುಟ್ಟಿಸಿದ್ರ ನಾ ಶಿರಹಟ್ಟಿಗೆ ಹೊಕ್ಕೀನಿ. ಮತ್ತ ಬರೂದಿಲ್ಲ." ಅಪ್ಪನಿಗೆ ಅವಳ ಮಾತು ಖರೆ ಎಂದು ಗೊತ್ತಿತ್ತು. ಹೊಲ ಎರಡಾಯಿತು. ರಸ್ತೆ ಕಡೆಯದು ಅಪ್ಪನ ಪುಡಿಗೆ, ಬನ್ನಿ ಗಿಡದ್ದು ಅವ್ವನ ಹಟಕ್ಕೆ.

ಕುರಿ ಬರಲಿಲ್ಲ. ಮರುವರ್ಷ ಬರಲಿಲ್ಲ, ಅದರ ಮರುವರ್ಷವೂ ಇಲ್ಲ. ಅವರಷ್ಟೇ ಅಲ್ಲ, ಬೇರೆ ಹಿಂಡಿನವರೂ ನಮ್ಮ ಬದುವಿನ ಗುಂಟ ಬಿರಬಿರನೆ ದಾಟಿ ಹೋಗುತ್ತಿದ್ದರು. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಅಪ್ಪ ಗೊಬ್ಬರವನ್ನೂ ಚೀಲದಲ್ಲಿ ತರಿಸಿದ. ಒಂದೆರಡು ವರ್ಷ ಜೋಳ ಹುಲುಸಾಗಿಯೇ ಬೆಳೆಯಿತು, ಅಪ್ಪ ಮೀಸೆ ತಿರುವಿದ. ಆಮೇಲೆ ಆ ಮಣ್ಣು ಬಿಗಿಯುತ್ತಾ ಬಂತು. ಎತ್ತು ಮುಗ್ಗರಿಸುವಷ್ಟು ಹೆಂಟೆ. ಬೆಳ್ಳಕ್ಕಿ ಇಲ್ಲ, ಗೊರವಂಕ ಇಲ್ಲ. ಹಕ್ಕಿ ಇಲ್ಲದ ಮೇಲೆ ಮಿಡಚಿಯ ಮೊಟ್ಟೆ ತಿನ್ನುವವರು ಯಾರು? ಆದ್ದರಿಂದ ಮತ್ತೆ ಪುಡಿ, ಮೊದಲಿಗಿಂತ ಹೆಚ್ಚು. ಇದಕ್ಕೆ ಬುದ್ಧಿವಂತರ ಒಕ್ಕಲುತನ ಅನ್ನುತ್ತಾರೆ! ಅವ್ವ ತನ್ನ ತುಕಡಿಯಲ್ಲಿ ನನ್ನನ್ನೂ ಇಬ್ಬರು ಆಳುಗಳನ್ನೂ ಕಟ್ಟಿಕೊಂಡು ಸೀರೆ ಹಿಡಿದು ಮಿಡಚಿ ಬಳಿದಳು, ಹಿತ್ತಲ ತಿಪ್ಪೆಯನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದಳು. ಅವಳ ತುಕಡಿಯಲ್ಲಿ ತೆನೆ ಹೋದದ್ದೂ ಉಂಟು, ಅಪ್ಪ ಚುಚ್ಚಿ ಮಾತಾಡಿದ್ದೂ ಉಂಟು. ಆದರೆ ಅಲ್ಲಿ ಮಣ್ಣು ಮಣ್ಣಾಗಿಯೇ ಉಳಿಯಿತು. ಮತ್ತು ಅವಳು ಬೂದಿ ಜರಡಿ ಹಿಡಿಯುವುದನ್ನು ಬಿಡಲಿಲ್ಲ. "ಯಾರಿಗವ್ವಾ ಇದು?" ಎಂದರೆ, "ಬಂದ್ರ ಕೊಡಾಕ ಇರಬೇಕಲ್ಲ" ಎನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ, ಆ ಹಿಂಡು ಮತ್ತೆ ಆ ಹೊಲದಲ್ಲಿ ನಿಲ್ಲಬೇಕು.

ನಾನು ಮದುವೆಯಾಗಿ ಬೆಟಗೇರಿಗೆ ಬಂದೆ. ಮೊದಲ ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಒಂದು ಸಂಜೆ ಕುರಿಯ ಗಂಟೆಯ ಸದ್ದು ಕೇಳಿಸಿತು. ಅವ್ವ ಹಿಟ್ಟಿನ ಕೈಯಲ್ಲೇ ಓಡಿದಳು. ನಾನು ಕೂಸನ್ನು ಎತ್ತಿಕೊಂಡು ಹಿಂದೆ ಹೋದೆ. ಅಪ್ಪನೂ ಬಂದ, ಸ್ವಲ್ಪ ದೂರ ಬಿಟ್ಟು.

ಚಿಗವ್ವ ಬನ್ನಿ ಗಿಡದ ತುಕಡಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಮಣ್ಣು ಹಿಡಿದು ಮೂಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಿಂಡು ಚಿಕ್ಕದು. ಇಷ್ಟು ವರ್ಷ ಅವಳೂ ಕಾಕಾನೂ ಮುಂಡರಗಿ ಕಡೆ ಮಂದಿಯ ಹೊಲದಲ್ಲಿ ದುಡಿದು ಒಂದೊಂದಾಗಿ ಕಟ್ಟಿದ್ದಂತೆ. ಕಾಕಾನಿಗೆ ಈಗ ಮೈಯಲ್ಲಿ ಹುಷಾರಿಲ್ಲ, ಬಂದಿಲ್ಲ ಎಂದಳು.

"ಈ ತುಕಡ್ಯಾಗ ನಿಲ್ಲಸ್ತೀವಿ ಯಕ್ಕಾ" ಎಂದಳು ಅವ್ವನಿಗೆ. "ದೊಡ್ಡವನ್ನ ಅಷ್ಟ. ಮರಿ ತಂದಿಲ್ಲ. ಅಲ್ಲೇ ಹೊಂಬಳದ ಕಡೆ ತಂಗಿ ಹಟ್ಟ್ಯಾಗ ಬಿಟ್ಟ ಬಂದೀನಿ. ಇಲ್ಲಿಗೆ ತರೂದಿಲ್ಲ."

ಅವ್ವ ತಲೆ ಆಡಿಸಿದಳು. ಮನೆಗೆ ಹೋಗಿ ರೊಟ್ಟಿಯ ಬುಟ್ಟಿಯನ್ನೂ ಬೂದಿಯ ಬುಟ್ಟಿಯನ್ನೂ ಹೊತ್ತು ತಂದಳು. ಮರಿಗಳೇ ಇಲ್ಲದ ಹಟ್ಟಿಗೆ ಬೂದಿ ಯಾಕೆ ಎಂದು ನಾನು ಕೇಳಲಿಲ್ಲ. ಚಿಗವ್ವ ಬೂದಿಯಲ್ಲಿ ಕೈ ಹಾಕಿ ಬೆರಳ ಸಂದಿಯಿಂದ ಸೋರಿಸಿ ನೋಡಿದಳು, ನನ್ನ ಮಡಿಲಲ್ಲಿದ್ದ ಕೂಸನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂತು.

"ನಾಳೆ ಕುರಿ ಕಾಯೋ ನಮ್ಮ ಹುಡುಗನ ಕೈಯಾಗ ಇದನ್ನ ಹೊಂಬಳಕ್ಕ ಕಳಸ್ತೀನಿ" ಎಂದಳು. ಆಮೇಲೆ ಬುಟ್ಟಿಯನ್ನು ಎತ್ತಿಕೊಳ್ಳುವ ಮೊದಲು ಅವ್ವನನ್ನು ಮೆಲ್ಲಗೆ ಕೇಳಿದಳು: "ಯಕ್ಕಾ, ತಪ್ಪ ತಿಳೀಬ್ಯಾಡ. ಇದನ್ನ ಯಜಮಾನ್ರು ಮುಟ್ಟಿಲ್ಲ, ಹೌದಲ್ಲ?"

"ಇಲ್ಲವ್ವಾ. ನಾ ಒಬ್ಬಾಕಿನ ಮುಟ್ಟೀನಿ."

ಬುಟ್ಟಿ ಭಾರವಿತ್ತು. ಅದನ್ನು ಅವಳ ತಲೆಗೆ ಎತ್ತಿಕೊಡಲು ಅಪ್ಪ ಎರಡು ಹೆಜ್ಜೆ ಮುಂದೆ ಬಂದಿದ್ದ. ಅಲ್ಲೇ ನಿಂತ. ಚಾಚಿದ್ದ ಎರಡೂ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡ.